ಸಾವಿರ ಪದ ಬಾಯಿಪಾಠ ಮಾಡಿದರೂ ಐಇಎಲ್‌ಟಿಎಸ್ ರೈಟಿಂಗ್‌ನಲ್ಲಿ 6 ದಾಟುತ್ತಿಲ್ಲ, ಏನು ಮಾಡಲಿ?

ಮಂಡ್ಯ ಸಿಸ್ಟರ್:
ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವಳು, ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ದಿನಾ ಟ್ರೈನಿನಲ್ಲಿ ಓಡಾಡುತ್ತೇನೆ. ಬ್ರಿಟನ್ನಿಗೆ ಹೋಗಬೇಕು ಅಂತ ಐಇಎಲ್‌ಟಿಎಸ್ ಬರೆದೆ, ಹೊರದೇಶಕ್ಕೆ ಹೋಗುವವರ ಇಂಗ್ಲಿಷ್ ಅಳೆಯುವ ಪರೀಕ್ಷೆ ಅದು. ಲಿಸನಿಂಗ್ 7.5, ರೀಡಿಂಗ್ 7, ಸ್ಪೀಕಿಂಗ್ 7 ಬಂತು. ರೈಟಿಂಗ್ ಮಾತ್ರ 6. ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನವರು ರೈಟಿಂಗಿಗೆ 6.5, ಉಳಿದ ಮೂರಕ್ಕೆ 7 ಕೇಳುತ್ತಾರೆ. ಅರ್ಧ ಬ್ಯಾಂಡಿಗೆ, ಅಂದರೆ ಅರ್ಧ ಅಂಕಕ್ಕೆ ಎಲ್ಲಾ ನಿಂತುಹೋಗಿದೆ, ತುಂಬಾ ಬೇಜಾರಾಗಿದೆ.

ನಾನು ಹೋಗುತ್ತಿದ್ದ ಕೋಚಿಂಗ್‌ನಲ್ಲಿ ‘ಅಡ್ವಾನ್ಸ್ಡ್ ವೊಕ್ಯಾಬುಲರಿ’ ಅಂತ ಸಾವಿರ ಪದಗಳ ಜೆರಾಕ್ಸ್ ಕೊಟ್ಟಿದ್ದರು. ಒಂದು ಕಡೆ ಇಂಗ್ಲಿಷ್ ಪದ, ಪಕ್ಕದಲ್ಲಿ ಕನ್ನಡ ಅರ್ಥ, ಅಷ್ಟೇ. ನೈಟ್ ಡ್ಯೂಟಿ ಮುಗಿಸಿ ಬರುವಾಗಲೂ ನಿದ್ದೆ ಬಿಟ್ಟು ದಿನಕ್ಕೆ 30ರಂತೆ ಓದಿದೆ. ಪ್ರಬಂಧದಲ್ಲಿ ಎಷ್ಟು ಆಗುತ್ತೋ ಅಷ್ಟು ಪದ ಹಾಕಿದೆ. ಪರೀಕ್ಷೆಯಲ್ಲಿ ಬರೆದದ್ದು ವಾಪಸ್ ಕೊಡುವುದಿಲ್ಲವಲ್ಲ, ಅದಕ್ಕೇ ಮನೆಯಲ್ಲಿ ಪ್ರಾಕ್ಟೀಸಿಗೆ ಬರೆದದ್ದರಲ್ಲಿ ಒಂದು ವಾಕ್ಯ ಇಲ್ಲಿ ಹಾಕುತ್ತೇನೆ: ‘ಎ ಪ್ಲೆಥೋರಾ ಆಫ್ ಪೇಶೆಂಟ್ಸ್ ಆರ್ ಕಮಿಂಗ್ ಟು ಗವರ್ನಮೆಂಟ್ ಹಾಸ್ಪಿಟಲ್ಸ್ ಅಂಡ್ ಇಟ್ ಎಕ್ಸಾಸರ್ಬೇಟ್ಸ್ ದ ನರ್ಸಸ್.’ ಇದರಲ್ಲಿ ತಪ್ಪೇನು? ಇನ್ನೂ ದೊಡ್ಡ ಪದ ಬೇಕಾ? ಹೊರದೇಶದಲ್ಲಿ ಎಂಎಸ್ ಮಾಡಲು ಜಿಆರ್‌ಇ ಪರೀಕ್ಷೆಗೆ ಓದುವವರ ಪದಪಟ್ಟಿ ಹಿಡಿಯಬೇಕಾ?

ಸರಸ್ವತಿಪುರಂ ಹುಡುಗ:
ಜಿಆರ್‌ಇ ಪಟ್ಟಿ ಬೇಡವೇ ಬೇಡ ಅಕ್ಕ. ನಾನೂ ಮೊದಲ ಸಲ ಅದನ್ನೇ ನಂಬಿ ಕೆಟ್ಟೆ. ಎರಡನೇ ಸಲ ಅಕಾಡೆಮಿಕ್ ವರ್ಡ್ ಲಿಸ್ಟ್ ಓದಿ ರೈಟಿಂಗ್‌ನಲ್ಲಿ 7 ಬಂತು. ಅದು 2000ದಲ್ಲಿ ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಅನ್ನುವವರು ಮಾಡಿದ ಪಟ್ಟಿ. ವಿಶ್ವವಿದ್ಯಾಲಯದ ಮಟ್ಟದ ಸುಮಾರು 35 ಲಕ್ಷ ಪದಗಳಷ್ಟು ಬರಹ ಕೂಡಿಹಾಕಿ, ಆರ್ಟ್ಸ್, ಕಾಮರ್ಸ್, ಲಾ, ಸೈನ್ಸ್ ಎಲ್ಲದರಲ್ಲೂ ಪದೇ ಪದೇ ಬರುವುದನ್ನು ಹೆಕ್ಕಿದ್ದಾರೆ. ಒಟ್ಟು 570 ಪದ ಕುಟುಂಬ, ಅಂದರೆ ಒಂದು ಮೂಲ ಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ. ಅಂಥ ಬರಹದಲ್ಲಿ ಹತ್ತು ಪದಕ್ಕೆ ಹೆಚ್ಚುಕಡಿಮೆ ಒಂದು ಈ ಪಟ್ಟಿಯದೇ ಇರುತ್ತೆ.

ತೆರೆದು ನೋಡಿದರೆ ನಿರಾಸೆ ಆಗಬಹುದು, ಯಾಕೆಂದರೆ ಮೊದಲ ಭಾಗದಲ್ಲೇ ಅಪ್ರೋಚ್, ಫ್ಯಾಕ್ಟರ್, ರಿಕ್ವೈರ್, ಸಿಗ್ನಿಫಿಕೆಂಟ್ ಇಂಥವೇ ಇವೆ, ಎಲ್ಲಾ ಗೊತ್ತಿರೋದೇ ಅನಿಸುತ್ತೆ. ಆದರೆ ಸಿಗ್ನಿಫಿಕೆಂಟ್ ಗೊತ್ತಿದ್ದವರಿಗೆ ಸಿಗ್ನಿಫಿಕೆನ್ಸ್, ಸಿಗ್ನಿಫಿಕೆಂಟ್ಲಿ ಎರಡೂ ಬರೆಯುವಾಗ ಜಾಗಕ್ಕೆ ಸರಿಯಾಗಿ ಬರುತ್ತಾ? ನನಗೆ ಬರುತ್ತಿರಲಿಲ್ಲ. ಒಂದು ಪದ ಕಲಿತರೆ ಅದರ ಅಣ್ಣತಮ್ಮಂದಿರನ್ನೆಲ್ಲ ಒಟ್ಟಿಗೆ ಕಲಿಯಿರಿ.

ಕುವೆಂಪುನಗರದ ಮೇಷ್ಟ್ರು:
ಸಿಸ್ಟರ್, ಪಿಯು ಮಕ್ಕಳಿಗೆ ತುಂಬಾ ವರ್ಷ ಇಂಗ್ಲಿಷ್ ಹೇಳಿಕೊಟ್ಟವನು ನಾನು. ನಿಮ್ಮ ವಾಕ್ಯವನ್ನು ಮೂರು ಸಲ ಓದಿದೆ. ನಿಮ್ಮ ಶ್ರಮದಲ್ಲಿ ತಪ್ಪಿಲ್ಲ, ಆ ಜೆರಾಕ್ಸ್‌ನಲ್ಲಿ ತಪ್ಪಿದೆ. ಎಕ್ಸಾಸರ್ಬೇಟ್ ಪಕ್ಕದಲ್ಲಿ ‘ಉಲ್ಬಣಗೊಳಿಸು’ ಅಂತ ಇದ್ದಿರಬೇಕು, ಅರ್ಥವೇನೋ ಸರಿ. ಆದರೆ ಕನ್ನಡದಲ್ಲಿ ಕಾಯಿಲೆ ಉಲ್ಬಣವಾಯಿತು ಅನ್ನುತ್ತೇವೆ, ನರ್ಸ್ ಉಲ್ಬಣವಾದರು ಅನ್ನುತ್ತೇವಾ? ಇಂಗ್ಲಿಷಿನಲ್ಲೂ ಹಾಗೇ. ಮೊದಲೇ ಇರುವ ಒಂದು ಕೆಟ್ಟದ್ದನ್ನು, ಅಂದರೆ ಸಮಸ್ಯೆ, ನೋವು, ಕೊರತೆ ಇಂಥದ್ದನ್ನು ಎಕ್ಸಾಸರ್ಬೇಟ್ ಮಾಡಬಹುದು. ಮನುಷ್ಯರನ್ನು ಆಗುವುದಿಲ್ಲ.

ಇದು ಹೊರಗಿನವರಿಗೆ ಎಷ್ಟು ಕಷ್ಟ ಅಂತ ನಮ್ಮ ಭಾಷೆಯಲ್ಲೇ ನೋಡಿ. ಸೀರೆ ಉಡುತ್ತೇವೆ, ಹೂವು ಮುಡಿಯುತ್ತೇವೆ, ಬಳೆ ತೊಡುತ್ತೇವೆ, ಕುಂಕುಮ ಇಡುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಇಂಗ್ಲಿಷಿನವರಿಗೆ ಹೆಚ್ಚುಕಡಿಮೆ ಎಲ್ಲದಕ್ಕೂ ‘ವೇರ್’ ಒಂದೇ ಸಾಕು. ಅವರಲ್ಲಿ ಯಾರೋ ಕನ್ನಡ ಕಲಿತು ‘ಮಲ್ಲಿಗೆ ಹೂವು ಉಟ್ಟುಕೊಂಡೆ’ ಅಂದರೆ ಅರ್ಥ ಆಗುತ್ತೆ, ಆದರೆ ಕಿವಿಗೆ ಹಿಡಿಸಲ್ಲ ಅಲ್ವಾ? ನಿಮ್ಮ ಪೇಪರ್ ನೋಡುವವರಿಗೂ ಹಾಗೇ ಆಗುತ್ತೆ. ಯಾವ ಪದದ ಜೊತೆ ಯಾವುದು ಕೂರುತ್ತೆ ಅನ್ನುವುದಕ್ಕೆ ಕಾಲೊಕೇಶನ್ ಅಂತಾರೆ. ಮಳೆಗೆ ಹೆವಿ, ಗಾಳಿಗೆ ಸ್ಟ್ರಾಂಗ್. ತಿರುಗಿಸಿ ಹೇಳಿದರೆ ಆಗಲ್ಲ. ಎಂಥ ಬರಹಕ್ಕೆ ಎಷ್ಟು ಅಂಕ ಅಂತ ಐಇಎಲ್‌ಟಿಎಸ್‌ನವರು ಕೊಡುವ ಬ್ಯಾಂಡ್ ವಿವರಣೆಯಲ್ಲೇ ಇದು ಇದೆ: ಅಪರೂಪದ ಪದ ಹಾಕಲು ಹೋಗಿ ಅಲ್ಲಲ್ಲಿ ತಪ್ಪಿದರೆ 6, ಅದೇ ಪದವನ್ನು ಅದರ ಜೊತೆಗಾರನ ಸಮೇತ, ಸಂದರ್ಭ ನೋಡಿ ಬಳಸಿದರೆ 7.

ಪ್ಲೆಥೋರಾ ಅಂದರೆ ಬರೀ ‘ತುಂಬಾ’ ಅಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಅನ್ನುವ ಧ್ವನಿ ಅದರಲ್ಲಿದೆ. ಹುಟ್ಟಿದ ಮಗು ರಕ್ತ ಜಾಸ್ತಿಯಾಗಿ ಕೆಂಪಗೆ ಕಂಡರೆ ಪ್ಲೆಥೋರಿಕ್ ಅಂತ ಬರೆಯುತ್ತಾರಲ್ಲ, ನೀವು ಕೇಳಿಯೇ ಇರುತ್ತೀರಿ. ಪದ ಬಂದಿರುವುದೇ ಅಲ್ಲಿಂದ, ಮೈಯಲ್ಲಿ ರಕ್ತ ಅತಿಯಾಗುವುದು. ಕಷ್ಟದಲ್ಲಿ ಬಂದ ರೋಗಿಗಳಿಗೆ ಆ ಪದ ಹಾಕಬೇಡಿ, ‘ಎ ಲಾರ್ಜ್ ನಂಬರ್ ಆಫ್’ ಸಾಕು.

ಈಗ ಮುಖ್ಯ ಮಾತು. ನಿಮ್ಮ ಹತ್ತಿರ ಆ ಪಟ್ಟಿಗಿಂತ ಒಳ್ಳೆಯ ಪಟ್ಟಿ ಆಗಲೇ ಇದೆ, ನಿಮ್ಮ ವಾರ್ಡಿನ ಕೇಸ್ ಶೀಟ್. ಆಸ್ತಮಾದವರು ಉಸಿರು ಕಟ್ಟಿಕೊಂಡು ಬಂದಾಗ ‘ಅಕ್ಯೂಟ್ ಎಕ್ಸಾಸರ್ಬೇಷನ್’ ಅಂತ ಬರೆದಿರುವುದನ್ನು ನೀವು ಎಷ್ಟು ಸಲ ಓದಿಲ್ಲ? ಅಲ್ಲಿ ಪದ ಸರಿಯಾದ ಜೊತೆಗಾರನ ಪಕ್ಕದಲ್ಲೇ ಕೂತಿತ್ತು. ಜೆರಾಕ್ಸ್‌ಗೆ ಬಂದಾಗ ಒಂಟಿಯಾಯಿತು. ಕಂಡಿಷನ್ ಡಿಟೀರಿಯರೇಟ್ ಆಗುತ್ತೆ (ಹದಗೆಡುತ್ತೆ), ಸಿಂಪ್ಟಮ್ಸ್ ಪರ್ಸಿಸ್ಟ್ ಆಗುತ್ತೆ (ಹಾಗೇ ಉಳಿಯುತ್ತೆ), ಪೇನ್ ಸಬ್‌ಸೈಡ್ ಆಗುತ್ತೆ (ಇಳಿಯುತ್ತೆ), ಕಾಯಿಲೆ ಕ್ರಾನಿಕ್ ಇರುತ್ತೆ ಅಥವಾ ಅಕ್ಯೂಟ್ ಇರುತ್ತೆ. ಇವನ್ನು ಆಸ್ಪತ್ರೆಯಿಂದ ಹೊರಗೆ ಕರೆದುಕೊಂಡು ಬನ್ನಿ. ನಗರದ ಗಾಳಿಯೂ ಡಿಟೀರಿಯರೇಟ್ ಆಗುತ್ತೆ. ಬಡತನವೂ ಪರ್ಸಿಸ್ಟ್ ಆಗುತ್ತೆ. ಕಾವೇರಿ ಉಕ್ಕಿ ಶ್ರೀರಂಗಪಟ್ಟಣದ ಕಡೆ ನೀರು ನುಗ್ಗಿದರೆ, ಆಮೇಲೆ ಆ ನೀರು ಸಬ್‌ಸೈಡ್ ಆಗುತ್ತೆ. ಮಳೆ ಕೈಕೊಟ್ಟು ಒಂದು ಬೇಸಿಗೆ ಕಬ್ಬು ಒಣಗಿದರೆ ಅಕ್ಯೂಟ್ ವಾಟರ್ ಶಾರ್ಟೇಜ್, ವರ್ಷಗಟ್ಟಲೆ ಹಾಗೇ ಇದ್ದರೆ ಕ್ರಾನಿಕ್. ಅಕ್ಯೂಟ್, ಕ್ರಾನಿಕ್ ನಡುವಿನ ವ್ಯತ್ಯಾಸ ನಿಮ್ಮಷ್ಟು ಚೆನ್ನಾಗಿ ಎಷ್ಟು ಜನ ಇಂಜಿನಿಯರ್‌ಗಳಿಗೆ ಗೊತ್ತು ಹೇಳಿ.

ಒಂದು ನೋಟ್‌ಬುಕ್ ಇಡಿ. ರೋಗಿಯ ಹೆಸರು, ವಿವರ ಏನೂ ಬೇಡ, ಪದ ಮತ್ತು ಅದರ ಜೊತೆಗಾರ ಮಾತ್ರ ಎಡಗಡೆ. ಬಲಗಡೆ ಊರಿನ ಬಗ್ಗೆ ಅದೇ ಪದ ಹಾಕಿ ನೀವೇ ಮಾಡಿದ ವಾಕ್ಯ. ದಿನಕ್ಕೆ ಮೂರು ಸಾಕು, 30 ಬೇಡ. ಬರೆದದ್ದನ್ನು ಮಾರನೇ ದಿನ, ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ಮುಚ್ಚಿಟ್ಟುಕೊಂಡು ನೆನಪು ಮಾಡಿ. ಅನುಮಾನ ಬಂದರೆ ಕನ್ನಡ ಅರ್ಥ ನೋಡಿ ನಿಲ್ಲಿಸಬೇಡಿ, ಒಳ್ಳೆಯ ಇಂಗ್ಲಿಷ್ ಡಿಕ್ಷನರಿಯಲ್ಲಿ ಉದಾಹರಣೆ ವಾಕ್ಯ ಓದಿ.

ಪಶ್ಚಿಮವಾಹಿನಿ ಕಡೆಯವನು:
ಮೇಷ್ಟ್ರು ಹೇಳಿದ್ದು ಒಪ್ಪುತ್ತೇನೆ, ಆದರೆ ಪದ ಒಂದರಿಂದಲೇ 6 ಬಂತು ಅಂತ ಅಂದುಕೊಳ್ಳಬೇಡಿ ಸಿಸ್ಟರ್. ರೈಟಿಂಗಿಗೆ ನಾಲ್ಕು ಅಳತೆ, ನಾಲ್ಕಕ್ಕೂ ಒಂದೇ ತೂಕ. ಪ್ರಶ್ನೆಗೆ ಉತ್ತರ ಕೊಟ್ಟಿದ್ದೀರಾ, ಮಾತು ಒಂದಕ್ಕೊಂದು ಹೊಂದಿಕೊಂಡು ಹೋಗಿದೆಯಾ, ಪದ, ಗ್ರಾಮರ್. ಪದ ಅದರಲ್ಲಿ ಕಾಲು ಭಾಗ. ಅದೂ ಅಲ್ಲದೆ ಟಾಸ್ಕ್ 1ಕ್ಕಿಂತ ಟಾಸ್ಕ್ 2ಕ್ಕೆ ಎರಡು ಪಟ್ಟು ತೂಕ. ನಾನು ಮೊದಲ ಸಲ 150 ಪದದ ಗ್ರಾಫಿಗೇ ಅರ್ಧ ಗಂಟೆ ಸುರಿದು, 250 ಪದದ ಪ್ರಬಂಧವನ್ನು ಕೊನೆಯಲ್ಲಿ ಗೀಚಿ ಬಂದೆ. 20 ನಿಮಿಷ, 40 ನಿಮಿಷ ಅಂತ ಗಟ್ಟಿಯಾಗಿ ಪಾಲು ಮಾಡಿಕೊಳ್ಳಿ.

ಇನ್ನೊಂದು, ಒಇಟಿ ಯೋಚಿಸಿದ್ದೀರಾ? ಆರೋಗ್ಯ ಕೆಲಸದವರಿಗೇ ಇರುವ ಪರೀಕ್ಷೆ, ಬ್ರಿಟನ್ನಿನ ಕೌನ್ಸಿಲ್ ಅದನ್ನೂ ಒಪ್ಪುತ್ತೆ. ರೈಟಿಂಗ್‌ನಲ್ಲಿ ಪ್ರಬಂಧ ಇಲ್ಲ. ಕೇಸ್ ನೋಟ್ಸ್ ಕೊಟ್ಟು, 180ರಿಂದ 200 ಪದದ ಪತ್ರ ಬರೆಯಲು ಹೇಳುತ್ತಾರೆ. ಫೀಸ್ ಐಇಎಲ್‌ಟಿಎಸ್‌ಗಿಂತ ಜಾಸ್ತಿ, ಅದು ನೋಡಿಕೊಳ್ಳಿ.

ಮಂಡ್ಯ ಸಿಸ್ಟರ್:
ಮೇಷ್ಟ್ರೇ, ನಿಮ್ಮ ಉತ್ತರ ಓದಿ ಕಣ್ಣು ತುಂಬಿತು. ನನಗೆ ಇಂಗ್ಲಿಷೇ ಬರೋದಿಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ನಿನ್ನೆ ಡ್ಯೂಟಿ ಮುಗಿಸಿ ಬರುವಾಗ ನೋಟ್‌ಬುಕ್ ಶುರು ಮಾಡಿದೆ. ಪಾಂಡವಪುರ ಬರುವ ಹೊತ್ತಿಗೆ ಎಡಗಡೆ ಹನ್ನೊಂದು ಪದ ತುಂಬಿತ್ತು, ಎಲ್ಲಾ ನಮ್ಮ ವಾರ್ಡಿನವೇ. ಒಇಟಿ ಬಗ್ಗೆ ಹೇಳಿದ ಅಣ್ಣನಿಗೂ ಥ್ಯಾಂಕ್ಸ್, ಮನೆಯಲ್ಲಿ ಕೇಳುತ್ತೇನೆ. ಹಳೇ ವಾಕ್ಯ ಹೀಗೆ ಬದಲಾಯಿಸಿದ್ದೇನೆ: ‘ಎ ಕ್ರಾನಿಕ್ ಶಾರ್ಟೇಜ್ ಆಫ್ ನರ್ಸಸ್ ಪುಟ್ಸ್ ಪ್ರೆಶರ್ ಆನ್ ದ ರಿಮೈನಿಂಗ್ ಸ್ಟಾಫ್ಸ್, ಅಂಡ್ ಓವರ್‌ಕ್ರೌಡಿಂಗ್ ಎಕ್ಸಾಸರ್ಬೇಟ್ಸ್ ದ ಪ್ರಾಬ್ಲಮ್.’ ಸರಿ ಇದೆಯಾ?

ಕುವೆಂಪುನಗರದ ಮೇಷ್ಟ್ರು:
ತುಂಬಾ ಚೆನ್ನಾಗಿದೆ ಸಿಸ್ಟರ್. ಒಂದೇ ಅಕ್ಷರ ತೆಗೆಯಿರಿ. ‘ಸ್ಟಾಫ್ಸ್’ ಅಲ್ಲ, ‘ಸ್ಟಾಫ್’. ಎಷ್ಟು ಜನ ಇದ್ದರೂ ಸ್ಟಾಫೇ. ಇಕ್ವಿಪ್‌ಮೆಂಟ್, ಇನ್ಫರ್ಮೇಷನ್, ಫರ್ನಿಚರ್ ಇವಕ್ಕೂ ಕೊನೆಯಲ್ಲಿ ಎಸ್ ಬರುವುದಿಲ್ಲ, ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಳೆ ಇನ್ನು ಮೂರು ವಾಕ್ಯ ಹಾಕಿ, ನೋಡುತ್ತೇನೆ.