ಹಳೇ ಕೇಸಿನ ದಾಖಲೆ ಮುಚ್ಚಲು ಅರ್ಜಿ ಹಾಕಬೇಕೇ, ತಾನಾಗಿಯೇ ಮುಚ್ಚಬೇಕೇ?

ಕರಡುಪ್ರತಿ:
ಅಪರಾಧ ದಾಖಲೆ ಮುಚ್ಚುವ, ಅಂದರೆ ಹೊರಗಿನವರಿಗೆ ಕಾಣದಂತೆ ಮಾಡುವ, ಕಾನೂನು ಹೇಗಿರಬೇಕು ಎಂಬ ಬಗ್ಗೆ ನಾವು ಕೆಲವರು ಟಿಪ್ಪಣಿ ಸಿದ್ಧಪಡಿಸುತ್ತಿದ್ದೇವೆ. ಖುಲಾಸೆಯಾದವರಿಗೆ, ಶಿಕ್ಷೆ ಮುಗಿಸಿ ವರ್ಷಗಟ್ಟಲೆ ನೆಟ್ಟಗೆ ಬಾಳಿದವರಿಗೆ ಹಳೇ ಕೇಸು ಕೆಲಸಕ್ಕೂ ಬಾಡಿಗೆ ಮನೆಗೂ ಅಡ್ಡ ಬರಬಾರದು ಎಂಬುದನ್ನು ಎಲ್ಲರೂ ಒಪ್ಪಿದ್ದೇವೆ. ತಕರಾರು ಇರುವುದು ದಾರಿಯ ಬಗ್ಗೆ. ಅರ್ಜಿ ಫಾರಂ ಸರಳ ಮಾಡಿ ಶುಲ್ಕ ಇಳಿಸಿದರೆ ಸಾಕು ಎಂದು ಕೆಲವರು. ಅರ್ಜಿಯೇ ಬೇಡ, ಅವಧಿ ಮುಗಿದ ಕೂಡಲೇ ಸರ್ಕಾರವೇ ಮುಚ್ಚಲಿ ಎಂದು ಉಳಿದವರು. ಎರಡನೆಯದು ಎಲ್ಲಿ ಎಡವುತ್ತದೆ?

ವಕಾಲತ್ತು:
ಶುಲ್ಕ ಇಳಿಸಿದರೆ ಸಾಲದು ಸರ್. ಅಮೆರಿಕದ ಮಿಷಿಗನ್ ರಾಜ್ಯದ ಬಗ್ಗೆ ಪ್ರೆಸ್ಕಾಟ್ ಮತ್ತು ಸ್ಟಾರ್ 2020ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಅರ್ಹರಾದವರಲ್ಲಿ ಐದು ವರ್ಷದೊಳಗೆ ದಾಖಲೆ ತೆಗೆಸಿಕೊಂಡವರು ಶೇ 6.5 ಮಾತ್ರ. ತೆಗೆಸಿಕೊಂಡವರ ಸಂಬಳ ಏರಿತು, ಮತ್ತೆ ಅಪರಾಧ ಮಾಡಿದವರು ತೀರಾ ಕಡಿಮೆ. ಇಷ್ಟು ಒಳ್ಳೆಯ ಫಲ ಕೊಟ್ಟ ಕಾನೂನಿನ ಹತ್ತಿರ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಸುಳಿಯಲೇ ಇಲ್ಲ.

ಕೆನಡಾದಲ್ಲಿ 600 ಡಾಲರ್ ದಾಟಿದ್ದ ಶುಲ್ಕವನ್ನು 2022ರಲ್ಲಿ 50ಕ್ಕೆ ಇಳಿಸಿದರು. ಆದರೂ ಬೆರಳಚ್ಚು ಕೊಡಬೇಕು, ದೃಢೀಕೃತ ದಾಖಲೆ ತರಿಸಬೇಕು, ನ್ಯಾಯಾಲಯದಿಂದ ಮಾಹಿತಿ ಪಡೆಯಬೇಕು, ಹಿಂದಿನ ಐದು ವರ್ಷ ವಾಸವಿದ್ದ ಊರುಗಳ ಪೊಲೀಸರಿಂದ ಪತ್ರ ತರಬೇಕು. ಆ ಪತ್ರಕ್ಕೊಂದು ಅವಧಿ. ಉಳಿದ ಕಾಗದ ಕೈಸೇರುವಷ್ಟರಲ್ಲಿ ಅದು ಮುಗಿದಿದ್ದರೆ ಮತ್ತೆ ಆ ಠಾಣೆಗೇ ಅಲೆಯಬೇಕು. ಜನ ಕೈಬಿಡುವುದು ಇಂಥ ಕಡೆಯೇ.

ಅರ್ಜಿಯಿಲ್ಲದ ದಾರಿ ಹೊಸದೇನಲ್ಲ. ಬ್ರಿಟನ್ನಿನ 1974ರ ಕಾಯ್ದೆಯಲ್ಲಿ ಅವಧಿ ಕಳೆದರೆ ಶಿಕ್ಷೆ ತಾನಾಗಿಯೇ ಮುಗಿದ ಅಧ್ಯಾಯವಾಗುತ್ತದೆ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಈಗ ಒಂದು ವರ್ಷದೊಳಗಿನ ಜೈಲುಶಿಕ್ಷೆಗೆ ಶಿಕ್ಷೆ ಮುಗಿದ ಮೇಲೆ ಒಂದು ವರ್ಷ, ನಾಲ್ಕು ವರ್ಷದವರೆಗಿನದಕ್ಕೆ ನಾಲ್ಕು ವರ್ಷ. ನ್ಯೂಜಿಲೆಂಡಿನ 2004ರ ಕಾಯ್ದೆಯಲ್ಲಿ ಏಳು ವರ್ಷ, ಆದರೆ ಜೈಲುಶಿಕ್ಷೆ ಆದವರಿಗಿಲ್ಲ.

ದತ್ತಸಾಲು:
ನಾನು ಕಂಪ್ಯೂಟರ್ ಕಡೆಯಿಂದ ಹೇಳುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾ 2018ರಲ್ಲಿ ಕಾನೂನು ಮಾಡಿ ಮರುವರ್ಷ ತಾನಾಗಿ ಮುಚ್ಚಲು ಶುರುಮಾಡಿತು. ಕೆಲಸ ನಡೆಯಬೇಕಾದರೆ ಪ್ರತಿ ಆರೋಪಕ್ಕೂ ನಾಲ್ಕು ವಿಷಯ ತುಂಬಿರಬೇಕು: ಅಂತಿಮ ತೀರ್ಪು, ಅಪರಾಧದ ದರ್ಜೆ (ಎಷ್ಟು ಗಂಭೀರ ಎಂಬುದು), ಶಿಕ್ಷೆ ಮುಗಿದ ದಿನ, ವ್ಯಕ್ತಿಯ ಗುರುತು.

ಮೊದಲನೆಯದೇ ಎಷ್ಟೋ ಕಡೆ ಖಾಲಿ. ಬಂಧಿಸಿದ್ದನ್ನು ಪೊಲೀಸರು ಅಂದೇ ಬರೆದಿಡುತ್ತಾರೆ. ತಿಂಗಳುಗಳ ನಂತರ ಆರೋಪ ಕೈಬಿಟ್ಟಿದ್ದು ಅವರ ಕಡತಕ್ಕೆ ತಲುಪುವುದಿಲ್ಲ, ಕೇಸು ಶಾಶ್ವತವಾಗಿ 'ಬಾಕಿ' ಎಂದೇ ಕಾಣುತ್ತದೆ. ಇಷ್ಟು ವರ್ಷ ಏನೂ ನಡೆಯದ ಕೇಸನ್ನು ಮುಗಿದದ್ದೆಂದೇ ಎಣಿಸಬೇಕು ಎಂದು ಕಾಯ್ದೆಯಲ್ಲೇ ಬರೆಯಿಸಿ. ದರ್ಜೆಯ ಕಾಲಂ ಖಾಲಿಯಿದ್ದರೂ ಇದೇ ಪಾಡು. ಅನುಮಾನ ಬಂದರೆ ಪ್ರೋಗ್ರಾಂ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ, ಬಿಟ್ಟಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಕರಡಿನಲ್ಲಿ ತಪ್ಪದೆ ಬಗೆಹರಿಸಬೇಕಾದ್ದು ಇನ್ನೊಂದಿದೆ. ಒಂದೇ ಕೇಸಿನಲ್ಲಿ ಮೂರು ಆರೋಪ. ಒಂದರಲ್ಲಿ ಶಿಕ್ಷೆ, ಎರಡು ವಜಾ. ವಜಾ ಆದ ಎರಡನ್ನು ಈಗಲೇ ಮುಚ್ಚಬೇಕೇ, ಇಡೀ ಕೇಸಿಗಾಗಿ ಕಾಯಬೇಕೇ? ಕಾಯ್ದೆ ಸುಮ್ಮನಿದ್ದರೆ ಅದನ್ನು ತೀರ್ಮಾನಿಸುವುದು ಪ್ರೋಗ್ರಾಂ ಬರೆಯುವವನು. ಅದು ಅವನ ಕೆಲಸವಲ್ಲ.

'ಬಾಕಿ ಹಣ ಪೂರ್ತಿ ಕಟ್ಟಿರಬೇಕು' ಎಂಬ ಷರತ್ತನ್ನೂ ಯೋಚಿಸಿ ಹಾಕಿ. ಬಡವರೇ ಇದರಲ್ಲಿ ಸಿಕ್ಕಿಬೀಳುವುದು. ಪೆನ್ಸಿಲ್ವೇನಿಯಾದಲ್ಲಿ ದಂಡ, ಕೋರ್ಟ್ ಖರ್ಚಿನ ಬಾಕಿ ಅಡ್ಡಿಯಾಗಬಾರದೆಂದು 2020ರಲ್ಲಿ ತಿದ್ದಿದರು. ನೊಂದವರಿಗೆ ಕೊಡಬೇಕಾದ ಪರಿಹಾರ ಮಾತ್ರ ಕಟ್ಟಿರಲೇಬೇಕು. ನನಗೆ ಇದು ನ್ಯಾಯವಾಗಿ ಕಾಣುತ್ತದೆ.

ಷರಾ:
ಮುಚ್ಚಿದ ಮೇಲಿನ ಮಾತು ಯಾರೂ ಎತ್ತಲಿಲ್ಲ. ನ್ಯಾಯಾಲಯದ ಪಟ್ಟಿಯನ್ನು ಜನರ ಹಿನ್ನೆಲೆ ನೋಡಿ ಹೇಳುವ ಖಾಸಗಿ ತಪಾಸಣಾ ಕಂಪನಿಗಳು ಮೊದಲೇ ಸಗಟಾಗಿ ಕೊಂಡಿರುತ್ತವೆ. ಮೂಲದಲ್ಲಿ ಮುಚ್ಚಿದರೂ ಅವರ ಪ್ರತಿ ಬದುಕಿರುತ್ತದೆ. ಮಾರಾಟದ ಕರಾರಿನಲ್ಲೇ 'ತೆಗೆಯಬೇಕಾದ ಕೇಸುಗಳ ಪಟ್ಟಿ ಬಂದ ಇಷ್ಟು ದಿನದಲ್ಲಿ ಅಳಿಸಬೇಕು, ತಪ್ಪಿದರೆ ದಂಡ' ಎಂದಿರಬೇಕು.

ಹಾಗೆಯೇ 'ಎಂದಾದರೂ ಶಿಕ್ಷೆಯಾಗಿದೆಯೇ?' ಎಂಬ ಪ್ರಶ್ನೆಗೆ 'ಇಲ್ಲ' ಎನ್ನುವ ಹಕ್ಕನ್ನು ಕಾಯ್ದೆ ಬಾಯಿಬಿಟ್ಟು ಕೊಡಬೇಕು. ಇಲ್ಲದಿದ್ದರೆ ಹಳೇ ಕೇಸನ್ನು ಮರೆಮಾಚಿದರು ಎಂಬ ಆರೋಪದ ಮೇಲೆ ಕೆಲಸ ಹೋಗುತ್ತದೆ.

ಪೂರ್ತಿ ನಾಶ ಮಾಡಿಸುವ ಆತುರವೂ ಬೇಡ. ಅಮೆರಿಕದ ವಲಸೆ ಕಾನೂನಿನಲ್ಲಿ, ರಾಜ್ಯ ಅಳಿಸಿದ ಶಿಕ್ಷೆಯೂ ಸಾಮಾನ್ಯವಾಗಿ ಶಿಕ್ಷೆಯೇ. ಅಧಿಕಾರಿ ತೀರ್ಪಿನ ಪ್ರತಿ ಕೇಳಿದಾಗ ಮೂಲ ಕಡತವೇ ಇಲ್ಲವೆಂದರೆ ತನ್ನದು ಸಣ್ಣ ಕೇಸು ಎಂದು ತೋರಿಸಲು ವಲಸೆ ಬಂದವನ ಬಳಿ ಏನೂ ಉಳಿಯುವುದಿಲ್ಲ. ಮುಚ್ಚುವ ಮೊದಲು ಉಚಿತವಾಗಿ ಎರಡು ದೃಢೀಕೃತ ನಕಲು ಕೊಡಬೇಕೆಂದು ಸೇರಿಸಿ.

ಕರಡುಪ್ರತಿ:
ಉಪಕಾರವಾಯಿತು. ಕಂಪ್ಯೂಟರಿಗೆ ಏರದ ಹಳೇ ಕಾಗದದ ಕೇಸುಗಳು, ಗಂಭೀರ ಅಪರಾಧಗಳು?

ವಕಾಲತ್ತು:
ಅವಕ್ಕೆ ಅರ್ಜಿ ಉಳಿಯಲಿ. ಗಂಭೀರ ಅಪರಾಧಕ್ಕೆ ನ್ಯಾಯಾಧೀಶರೇ ಎರಡೂ ಕಡೆ ಕೇಳಿ ನಿರ್ಧರಿಸುವುದು ಸರಿ. ಕಾಗದದ ಕೇಸಿಗೆ ಒಂದೇ ಪುಟದ, ಶುಲ್ಕವಿಲ್ಲದ ಫಾರಂ ಸಾಕು. ಕೇಸಿನ ಸಂಖ್ಯೆ ನೆನಪಿಲ್ಲದವರ ಅರ್ಜಿಯನ್ನು ತಿರಸ್ಕರಿಸಬಾರದು, ಹುಡುಕುವ ಹೊಣೆ ಕಚೇರಿಯದು.

ದತ್ತಸಾಲು:
ಜೊತೆಗೆ, ತನ್ನ ದಾಖಲೆ ಮುಚ್ಚಿದೆಯೇ ಎಂದು ಆ ವ್ಯಕ್ತಿಯೇ ಗುರುತು ದೃಢಪಡಿಸಿ ನೋಡಿಕೊಳ್ಳುವಂತಿರಲಿ. ಬಿಟ್ಟುಹೋಗಿದ್ದರೆ ಯಾವ ಕಾಲಂ ಖಾಲಿಯಿತ್ತು ಎಂಬುದೂ ಅಲ್ಲೇ ಕಾಣಲಿ.