ಸಹಾಯ ಬೇಕು: ‘ರಿಡಿಕ್ಯೂಲ್’ಗೆ ಕನ್ನಡದಲ್ಲಿ ಯಾವ ಪದ ಸರಿ?

ನಮಸ್ಕಾರ. ನಾವು ಧಾರವಾಡದ ಕಡೆಯವರು, ಈಗ ಪುಣೆಯ ಕೋಥ್ರೂಡಿನಲ್ಲಿದ್ದೇವೆ. ಒಂಬತ್ತನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದಾರೆ. ಒಂದು ಇಂಗ್ಲಿಷ್ ಪದ ಆರಿಸಿ, ಅದರ ಮೂಲ ಹೇಳಿ, ಮನೆಮಾತಿನಲ್ಲಿ ಬಳಸಿ ತೋರಿಸಬೇಕು. ಇವಳು ಆರಿಸಿದ್ದು ‘ರಿಡಿಕ್ಯೂಲ್’, ಅಂದರೆ ಯಾರನ್ನಾದರೂ ಕೀಳು ಮಾಡಿ ನಗುವುದು!

ಮೂಲವೇನೋ ಸಿಕ್ಕಿತು. ಲ್ಯಾಟಿನ್‌ನ ‘ರಿಡೇರೆ’, ಅಂದರೆ ನಗುವುದು. ‘ರಿಡಿಕ್ಯುಲಸ್’, ‘ಡಿರೈಡ್’ ಕೂಡ ಇದೇ ಬೇರಿನವು. ಇಂಗ್ಲಿಷಿನಲ್ಲಿ ಇದು ನಾಮಪದವೂ ಹೌದು, ಕ್ರಿಯಾಪದವೂ ಹೌದು.

ಸಿಕ್ಕಿಹಾಕಿಕೊಂಡಿದ್ದು ಕನ್ನಡದಲ್ಲಿ. ‘ಗೇಲಿ’ ಅಂದರೆ ಗೆಳೆಯರ ನಡುವಿನ ತಮಾಷೆ ಅನ್ನಿಸುತ್ತೆ. ‘ಅಣಕ’ದಲ್ಲಿ ನಡೆನುಡಿ ನಕಲು ಮಾಡಿ ತೋರಿಸುವುದು ಇದೆ, ಅದು ಇಂಗ್ಲಿಷಿನ ‘ಮಾಕ್’ಗೆ ಹತ್ತಿರ. ‘ಮೂದಲಿಕೆ’ಯಲ್ಲಿ ನಗುವೇ ಇಲ್ಲ, ಬರೀ ಚುಚ್ಚುಮಾತು. ‘ಅಪಹಾಸ್ಯ’ದೊಳಗೆ ನಗು ಇದೆ, ಅರ್ಥವೂ ಕೂಡುತ್ತೆ. ಆದರೆ ಮನೆಯಲ್ಲಿ ಯಾರು ಹಾಗೆ ಮಾತಾಡುತ್ತಾರೆ? ನಮ್ಮತ್ತೆ ‘ಚ್ಯಾಷ್ಟಿ ಮಾಡಬ್ಯಾಡ’ ಅಂತಾರೆ. ಅದು ಪಕ್ಕದ ಮನೆಯವರ ಮರಾಠಿ ‘ಚೇಷ್ಟಾ’ದ ನೆಂಟ, ಅಲ್ವಾ?

‘ನಗೆಪಾಟಲು’ ನೆನಪಾದಾಗ ಖುಷಿಯಾಯಿತು. ‘ಎಲ್ಲರ ಮುಂದೆ ನಗೆಪಾಟಲಾದ’ ಅಂದರೆ ಸರಿಯಾಗಿ ಕೂರುತ್ತೆ. ಆದರೆ ಅದು ನಗೆಗೆ ಸಿಕ್ಕವನ ಪಾಡು. ನಕ್ಕವರ ಕಡೆಯಿಂದ ಹೇಳುವಾಗ ಏನನ್ನಬೇಕು? ‘ಅವರು ಅವನ ಉಚ್ಚಾರಣೆಯನ್ನು ರಿಡಿಕ್ಯೂಲ್ ಮಾಡಿದರು’ ಅನ್ನುವಲ್ಲಿ ‘ಲೇವಡಿ ಮಾಡಿದರು’ ಸಾಕಾ? ಅಥವಾ ನಿಮ್ಮೂರ ಕಡೆ ಇನ್ನೂ ಚುರುಕಾದ ಮಾತು ಇದೆಯಾ? ಸೋಮವಾರದೊಳಗೆ ಹೇಳಿದರೆ ಉಪಕಾರ.