ಪದಚರ್ಚೆ: ‘ದ್ವಿತೀಯಕ ತಲೆನೋವು’ ಅಂದರೆ ಓದುವವರಿಗೆ ಏನು ಅರ್ಥವಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆಯ ಆಶಾ ಕಾರ್ಯಕರ್ತೆಯರಿಗೆ ಕೊಡಲು ತಲೆನೋವಿನ ಬಗ್ಗೆ ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಡಾಕ್ಟರುಗಳು ತಲೆನೋವನ್ನು ಮುಖ್ಯವಾಗಿ ಎರಡು ಗುಂಪು ಮಾಡುತ್ತಾರೆ. ಮೈಗ್ರೇನ್‌ನಂಥದ್ದು ಒಂದು, ಅಲ್ಲಿ ತಲೆನೋವೇ ಕಾಯಿಲೆ. ಇನ್ನೊಂದರಲ್ಲಿ ಕಾಯಿಲೆ ಬೇರೆ ಇರುತ್ತದೆ, ಅದರಿಂದ ತಲೆ ನೋಯುತ್ತದೆ. ಮಿದುಳಿನ ಪೊರೆಗೆ ಸೋಂಕು ಆಗಿರಬಹುದು, ಒಳಗೆ ರಕ್ತ ಸೋರಿರಬಹುದು, ಗೆಡ್ಡೆ ಇರಬಹುದು, ಸೈನಸ್ ಕಟ್ಟಿರಬಹುದು. ಇವಕ್ಕೆ ಪ್ರಾಥಮಿಕ ತಲೆನೋವು, ದ್ವಿತೀಯಕ ತಲೆನೋವು ಅಂತ ಕನ್ನಡದಲ್ಲಿ ಬರೆಯುವುದನ್ನು ನೋಡಿದ್ದೇನೆ.

ನನಗೆ ಈ ‘ದ್ವಿತೀಯಕ’ ಸರಿ ಬರುತ್ತಿಲ್ಲ. ಪ್ರಾಥಮಿಕ ಅಂದ ಕೂಡಲೇ ನಮಗೆ ಶಾಲೆ ನೆನಪಾಗುತ್ತದೆ, ಅಲ್ವಾ? ಅಂದರೆ ಮೊದಲ ಹಂತ. ಕರಡನ್ನು ಮೂವರಿಗೆ ಓದಿಸಿದೆ. ಒಬ್ಬರು ‘ದ್ವಿತೀಯಕ ಅಂದರೆ ಒಂದು ಸಲ ಬಂದು ಹೋಗಿ ಮತ್ತೆ ಬರುವ ತಲೆನೋವಾ?’ ಎಂದು ಕೇಳಿದರು. ಇನ್ನೊಬ್ಬರು ‘ಅಷ್ಟೇನೂ ಮುಖ್ಯ ಅಲ್ಲದ್ದು’ ಅಂದುಕೊಂಡರು. ಮೂರನೆಯವರು ಆ ಸಾಲನ್ನೇ ಬಿಟ್ಟು ಮುಂದೆ ಓದಿದರು. ಜೀವಕ್ಕೆ ಅಪಾಯ ತರುವ ತಲೆನೋವುಗಳು ಹೆಚ್ಚಾಗಿ ಇರುವುದೇ ಈ ಗುಂಪಿನಲ್ಲಿ. ಅದರ ಹೆಸರೇ ಅದನ್ನು ಹಿಂದಕ್ಕೆ ತಳ್ಳಿದರೆ ಹೇಗೆ?

ಯೋಚಿಸಿದರೆ ನಮ್ಮ ಮಾತಿನಲ್ಲಿ ಇದಕ್ಕೆ ಒಂದು ದಾರಿ ಮೊದಲಿನಿಂದಲೂ ಇದೆ. ಪಿತ್ತದ ತಲೆನೋವು, ಶೀತದ ತಲೆನೋವು, ಬಿಸಿಲಿನ ತಲೆನೋವು ಅನ್ನುತ್ತೇವೆ. ಕಾರಣ ಮುಂದೆ, ನೋವು ಹಿಂದೆ. ಅಂತರರಾಷ್ಟ್ರೀಯ ತಲೆನೋವು ಸಂಘ 1988ರಲ್ಲಿ ಮೊದಲ ಸಲ ಮಾಡಿ, 2018ರಲ್ಲಿ ಮೂರನೇ ಆವೃತ್ತಿ ತಂದ ಪಟ್ಟಿಯಲ್ಲೂ ಈ ಗುಂಪಿನ ತಲೆನೋವುಗಳಿಗೆ ಹೆಚ್ಚುಕಡಿಮೆ ಹೀಗೆಯೇ, ಇಂಥ ಕಾರಣದಿಂದ ಬಂದ ತಲೆನೋವು ಎಂದೇ ಹೆಸರಿಟ್ಟಿದ್ದಾರೆ. ಹಾಗಾಗಿ ‘ಬೇರೆ ಕಾಯಿಲೆಯ ತಲೆನೋವು’ ಎಂದು ಬರೆದರೆ ಸಾಕು ಅನ್ನಿಸುತ್ತದೆ.

ಆದರೆ ಇದೇ ಜಾಡಿನಲ್ಲಿ ಒಂದು ಅಪಾಯವೂ ಇದೆ, ಅದನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ನಮ್ಮ ದೊಡ್ಡಮ್ಮನಿಗೆ ಒಂದು ಸಂಜೆ ಹುಬ್ಬಿನ ಮೇಲೆ ವಿಪರೀತ ನೋವು ಶುರುವಾಯಿತು, ಜೊತೆಗೆ ವಾಂತಿ. ವಾಂತಿ ಆಯಿತಲ್ಲ, ಎಲ್ಲರೂ ಪಿತ್ತ ಅಂದೆವು. ಜೀರಿಗೆ ಕಷಾಯ, ನಿಂಬೆ ಪಾನಕ, ಕತ್ತಲೆ ಕೋಣೆಯಲ್ಲಿ ಮಲಗಿಸುವುದು, ಇದರಲ್ಲೇ ಮೂರು ದಿನ ಹೋಯಿತು. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿದೆ ಅಂತ ಅವರು ಹೇಳುತ್ತಲೇ ಇದ್ದರು, ಕಣ್ಣೂ ಕೆಂಪಾಗಿತ್ತು, ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಗ್ಲಾಕೋಮಾ. ಕಣ್ಣಿನೊಳಗಿನ ನೀರು ಹೊರಗೆ ಹರಿಯುವ ದಾರಿ ಇದ್ದಕ್ಕಿದ್ದಂತೆ ಮುಚ್ಚಿ ಒತ್ತಡ ಏರಿತ್ತು. ಆ ಕಣ್ಣಿನ ನೋಟ ಪೂರ್ತಿ ವಾಪಸ್ ಬರಲಿಲ್ಲ. ಅವತ್ತು ‘ಪಿತ್ತದ’ ಅನ್ನುವ ಪದ ನಮ್ಮ ಬಾಯಿಗೆ ಅಷ್ಟು ಬೇಗ ಬರದೇ ಇದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

‘ಬಿ.ಪಿ. ತಲೆನೋವು’ ಕೂಡ ಹೀಗೆಯೇ. ಬಿ.ಪಿ. ಸ್ವಲ್ಪ ಜಾಸ್ತಿ ಇದ್ದರೆ ಸಾಮಾನ್ಯವಾಗಿ ತಲೆ ನೋಯುವುದಿಲ್ಲ. 180/120ರ ಆಸುಪಾಸಿಗೆ ಅಥವಾ ಅದಕ್ಕಿಂತ ಮೇಲಕ್ಕೆ ಹೋದಾಗಿನ ಮಾತು ಬೇರೆ. ‘ಸೈನಸ್ ತಲೆನೋವು’ ಎಂದು ಜನ ತಾವೇ ಹೆಸರಿಟ್ಟುಕೊಂಡದ್ದರಲ್ಲಿ ಎಷ್ಟೋ ಮೈಗ್ರೇನ್ ಆಗಿರುತ್ತವೆ.

ಎರಡನೇ ಪ್ರಶ್ನೆ. ಮಿದುಳಿನ ರಕ್ತನಾಳ ಉಬ್ಬಿ ಒಡೆದಾಗ ಬರುವ ನೋವಿಗೆ ಇಂಗ್ಲಿಷಿನಲ್ಲಿ ಗುಡುಗಿನ ಹೋಲಿಕೆ ಕೊಟ್ಟಿದ್ದಾರೆ, ಥಂಡರ್‌ಕ್ಲ್ಯಾಪ್ ಅಂತ. ಒಂದು ನಿಮಿಷದೊಳಗೆ ನೋವು ತುದಿ ಮುಟ್ಟುತ್ತದೆ. ಇಲ್ಲಿ ನೋಡಬೇಕಾದದ್ದು ಅದು ಎಷ್ಟು ಬೇಗ ಏರಿತು ಅನ್ನುವುದನ್ನು. ‘ಸಿಡಿಯುವ ತಲೆನೋವು’ ಎಂದು ಬರೆದಿದ್ದೆ, ಹೊಡೆದುಹಾಕಿದೆ. ಯಾಕೆಂದರೆ ನಿದ್ದೆಗೆಟ್ಟರೂ, ಕಾಫಿ ತಪ್ಪಿದರೂ ನಾವು ತಲೆ ಸಿಡಿಯುತ್ತಿದೆ ಅನ್ನುತ್ತೇವೆ. ಸಿಡಿತ ಅಂದರೆ ನಮಗೆ ಜೋರು ನೋವು, ದಿಢೀರ್ ನೋವಲ್ಲ. ಆಮೇಲೆ ‘ಬರಸಿಡಿಲು’ ಹೊಳೆಯಿತು. ಮೋಡದ ಸುಳಿವೇ ಇಲ್ಲದೆ ಎರಗುವುದು ಅನ್ನುವ ಭಾವ ಅದರಲ್ಲೇ ಇದೆ. ‘ಬರಸಿಡಿಲಿನಂತೆ ಒಂದೇ ಏಟಿಗೆ ಬಂದ ತಲೆನೋವು, ತಡಮಾಡದೆ ಆಸ್ಪತ್ರೆಗೆ’ ಎಂದು ಬರೆದರೆ ಹೇಗೆ? ಮಾತು ಕವಿತೆಯಂತಾಗಿ ವಿಷಯ ತೇಲಿಹೋಗುತ್ತದೆಯೇ?

ಇನ್ನೊಂದು ಚಿಕ್ಕದು. ತಲೆನೋವಿಗೆಂದು ಮಾಮೂಲಿ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಜಾಸ್ತಿ, ಮೂರು ತಿಂಗಳು ಮೀರಿ ನುಂಗುತ್ತಿದ್ದರೆ, ಆ ಮಾತ್ರೆಯಿಂದಲೇ ತಲೆ ನೋಯಲು ಶುರುವಾಗಬಹುದು. ‘ಮಾತ್ರೆಯ ತಲೆನೋವು’ ಎಂದು ಬರೆದೆ. ಅವಸರದಲ್ಲಿ ಓದಿದವರು ಅದನ್ನು ‘ತಲೆನೋವಿನ ಮಾತ್ರೆ’ ಎಂದು ಓದಿದರು! ‘ಮಾತ್ರೆ ಹೆಚ್ಚಾಗಿ ಬಂದ ತಲೆನೋವು’ ಎಂದು ತಿದ್ದಿದ್ದೇನೆ, ಉದ್ದವಾಯಿತು ಅನ್ನಿಸುತ್ತಿದೆ.

‘ಬೇನೆ’ ಪದವನ್ನೂ ಯೋಚಿಸಿದೆ. ಅದಕ್ಕೆ ನೋವು, ರೋಗ ಎರಡೂ ಅರ್ಥ ಇರುವುದರಿಂದ ಇಲ್ಲಿ ಗೊಂದಲವೇ ಆಗುತ್ತದೆ, ಬಿಟ್ಟೆ. ಆದರೆ ಉತ್ತರ ಕರ್ನಾಟಕದವರು ‘ಬ್ಯಾನಿ’ ಅನ್ನುವಾಗ ಈ ಎರಡನ್ನೂ ಹೇಗೆ ಬೇರೆ ಮಾಡುತ್ತೀರಿ? ಕರಾವಳಿ, ಮಲೆನಾಡಿನ ಕಡೆ ಕಾರಣ ಹಿಡಿದು ಕರೆಯುವ ತಲೆನೋವಿನ ಹೆಸರುಗಳು ಬೇರೆ ಇದ್ದರೆ ಅವನ್ನೂ ಬರೆಯಿರಿ. ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಇದ್ದರೆ ದಯವಿಟ್ಟು ಒಂದು ಮಾತು ಕೇಳಿ ನೋಡಿ. ಕರಪತ್ರ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ, ಅಷ್ಟರಲ್ಲಿ ತಿದ್ದಲು ಸಮಯವಿದೆ.